ಉಡಿ ತುಂಬಿಸಿಕೊಂಡು ಹೋದ ಟೀವಿ

ನನ್ನ ಗಂಟಲಲ್ಲಿ ಏಳು ಕೆಟ್ಟ ರೇಡಿಯೋಗಳು, ಮೂರು ಟೇಪ್ ರೆಕಾರ್ಡರುಗಳು, ಅರ್ಧ ಚಟ್ನಿಯಲ್ಲಿ ನಿಂತುಹೋದ ಒಂದು ಮಿಕ್ಸರು ಮತ್ತು ಅಡ್ಡಗೆರೆ ಬಿದ್ದ ಒಂದು ಟೀವಿ ವಾಸವಾಗಿವೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ನೊಂದುಕೊಳ್ಳಬಾರದು. ಕೆಲವರು ಕೋಗಿಲೆಯ ದನಿ ತೆಗೆಯುತ್ತಾರೆ, ಕೆಲವರು ಸಿನಿಮಾ ನಾಯಕರ ದನಿ ತೆಗೆಯುತ್ತಾರೆ. ನನಗೆ ಒಲಿದದ್ದು ಕೆಟ್ಟುಹೋದ ಸಾಮಾನುಗಳ ದನಿ. ಕ್ಯಾಸೆಟ್ಟಿನ ರೀಲು ಒಳಗೆ ಸಿಕ್ಕಿಕೊಂಡಾಗ ಹಾಡುವವಳ ದನಿ ಮೆಲ್ಲಗೆ ಗಂಡಸಾಗಿ, ಗಂಡಸು ಕೋಣವಾಗಿ, ಕೋಣ ನಿದ್ದೆಹೋಗುತ್ತದಲ್ಲ, ಅದನ್ನು ನಾನು ಮಾಡಿ ತೋರಿಸಿದರೆ ಒಳಗಿನಿಂದ ಯಾರಾದರೊಬ್ಬರು ಪೆನ್ಸಿಲ್ ಹಿಡಿದುಕೊಂಡು ಓಡಿ ಬರುವುದು ಖಾತ್ರಿ.

ಹಾಗೆಂದು ಮನುಷ್ಯರನ್ನು ಬಿಟ್ಟಿದ್ದೇನೆ ಎಂದಲ್ಲ. ಎಸ್‌ಟಿ ಬಸ್ಸಿನ ಕಂಡಕ್ಟರು, ಶಾಲೆಯ ಮಾಸ್ತರರು, ರೇಷನ್ ಅಂಗಡಿಯವರು, ಸೋದರಮಾವ, ಎಲ್ಲರೂ ನನ್ನಲ್ಲಿ ಬಾಡಿಗೆಗೆ ಇದ್ದಾರೆ. ಒಮ್ಮೆ ಓಣಿಯ ಅಂಗಡಿಯ ಫೋನಿನಿಂದ ಮನೆಗೆ ಹಚ್ಚಿ, ಅಪ್ಪನ ದನಿಯಲ್ಲೇ ಅಪ್ಪನಿಗೆ "ಇವತ್ತೊಂದಿನ ಹುಡುಗಗ ಬೈಬ್ಯಾಡ್ರಿ" ಎಂದು ಹೇಳಿದ್ದೆ. ಅಪ್ಪ "ಆತು" ಎಂದು ಫೋನು ಇಟ್ಟು, ಯಾರೊಡನೆ ಮಾತಾಡಿದೆ ಎಂದು ಅರ್ಧ ತಾಸು ಕುಳಿತು ಯೋಚಿಸಿದರಂತೆ. ಹೊಳೆದ ಮೇಲೆ ಎರಡು ದಿನದ ಬೈಗುಳ ಒಂದೇ ದಿನ ಬಂತು. "ಎಲ್ಲಾರ ದನಿ ತಗೀತಿ, ನಿನ್ನ ದನಿ ಯಾವಾಗ ತಗೀತಿಯೋ ಮಗನ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಅವರ ದನಿಯಲ್ಲೇ ಉತ್ತರ ಕೊಡಬಾರದಿತ್ತು.

ಕೆಟ್ಟ ಸಾಮಾನುಗಳ ದನಿ ಕಲಿಯಲು ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತದಂಥ ಗುರುಕುಲ ಇನ್ನೊಂದಿಲ್ಲ. ಸಾಂಗಲಿಯಿಂದ ಬಂದು ಎಸ್‌ಟಿ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಇದು ಹಳ್ಳಿ, ದರಿಬಡಚಿಯಿಂದ ಬಂದು ಇಳಿದವರಿಗೆ ಶಹರ. ಸ್ಟ್ಯಾಂಡು ಒಂದೇ ಇರುವುದರಿಂದ ಇದುವರೆಗೆ ಜಗಳವಾಗಿಲ್ಲ. ಹಳ್ಳಿಯೋ ಶಹರವೋ, ಇಲ್ಲಿ ಸಾಮಾನಿಗೆ ಮರಣವೆಂಬುದಿಲ್ಲ. ಕೆಟ್ಟ ರೇಡಿಯೋದಲ್ಲಿ ಅಡಕೆ ಮತ್ತು ಕತ್ತರಿ ಇರುತ್ತವೆ. ಕೆಟ್ಟ ಟೇಪ್ ರೆಕಾರ್ಡರಿನ ಮೇಲೆ ಅಜ್ಜ ಕಾಲಿಡುತ್ತಾನೆ. ಕೆಟ್ಟ ಟೀವಿಯ ತಲೆಯ ಮೇಲೆ ಹೊಸ ಟೀವಿ ಕೂರುತ್ತದೆ, ಹಿರಿ ಸೊಸೆಯ ತಲೆಯ ಮೇಲೆ ಕಿರಿ ಸೊಸೆ ಕೂತ ಹಾಗೆ. ನಮ್ಮ ಓಣಿಯ ಒಂದು ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರವಿದೆ. ಟ್ಯಾಂಕರ್ ಬಂದ ದಿನ ಮಾತ್ರ ಕೊಡ ತುಂಬುವ ಊರಿನಲ್ಲಿ ಅದಕ್ಕೆ ನೀರು ಕುಡಿಸುವವರು ಯಾರು? ಅದರೊಳಗೆ ಒಂದು ಚೀಲ ಜೋಳ ಚೆನ್ನಾಗಿ ಹಿಡಿಯುತ್ತದೆ, ಇಲಿಯೂ ಹೋಗುವುದಿಲ್ಲ. ಈ ಗುಣ ಅದನ್ನು ಮಾಡಿದ ಕಂಪನಿಗೇ ತಿಳಿದಿರಲಿಕ್ಕಿಲ್ಲ.

ದರಿಬಡಚಿಯ ಕಡೆ ಹೋದರೆ ಹಳೆಯ ಕ್ಯಾಸೆಟ್ಟುಗಳ ರೀಲನ್ನು ಬಿಚ್ಚಿ, ಹಕ್ಕಿ ಬರದಿರಲೆಂದು ಜೋಳದ ಹೊಲದ ಸುತ್ತ ಗೂಟದಿಂದ ಗೂಟಕ್ಕೆ ಕಟ್ಟಿರುತ್ತಾರೆ. ಗಾಳಿ ಬೀಸಿದರೆ ಗುಂಯ್ ಎನ್ನುತ್ತದೆ. ನನ್ನ ಕಿವಿಗೆ ಗೊತ್ತಾಗುತ್ತದೆ: ಈ ಬದಿಯ ಎರಡು ಎಕರೆ ಭಜನೆ, ಆ ಬದಿಯ ಒಂದು ಎಕರೆ ಲಾವಣಿ. ಹಕ್ಕಿಗಳು ಲಾವಣಿಯ ಕಡೆ ಸ್ವಲ್ಪ ಹೆಚ್ಚು ಎಂದು ಹೊಲದವನೇ ಹೇಳಿದ.

ಹುಟ್ಟಿನಿಂದ ಸಾವಿನವರೆಗೆ ಹದಿನಾರು ಸಂಸ್ಕಾರಗಳನ್ನು ಲೆಕ್ಕಹಾಕಿ ಹೇಳಿದ ಹಿರಿಯರು ಟ್ರಾನ್ಸಿಸ್ಟರಿಗೊಂದು ಹದಿನೇಳನೆಯದನ್ನು ಹೇಳದೆ ಹೋದದ್ದು ದೊಡ್ಡ ಲೋಪ. ಆ ಲೋಪವನ್ನು ತುಂಬಲು ಹೊರಟವರು ಅಪ್ಪಾಸಾಬ ಮಾಸ್ತರರು. ಇವರು ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಪೇಪರಿನಲ್ಲಿ ಓದಿದ್ದನ್ನು ಊರಿಗೆ ಹೇಳದಿದ್ದರೆ ಅವರಿಗೆ ಊಟ ಇಳಿಯುವುದಿಲ್ಲ. ಎರಡು ಸಾವಿರ ಇಸವಿ ದಾಟಿ ಮನೆಮನೆಗೆ ಕಲರ್ ಟೀವಿ ಬರತೊಡಗಿದ ಕಾಲ ಅದು. ಹಳೆಯ ಟೀವಿಯೊಳಗೆ ಸೀಸವಿದೆ, ಅದು ಮಣ್ಣಿಗೂ ನೀರಿಗೂ ವಿಷ ಎಂದು ಅವರು ಒಂದು ಮುಂಜಾನೆ ಓದಿದರು. ಸಂಜೆಗೆ ನಮ್ಮ ತರುಣ ಮಂಡಳದ ಸಭೆ ಕರೆದರು.

"ಹುಗದರ ಬಾವಿ ಕೆಡ್ತದ. ಸುಟ್ಟರ ಗಾಳಿ ಕೆಡ್ತದ. ತಿಳೀತಿಲ್ಲೋ?" ಎಂದರು. ಹೂಳುವವರು ಸುಡುವವರು ಇಬ್ಬರೂ ಅಕ್ಕಪಕ್ಕ ಬದುಕುವ ಊರು ನಮ್ಮದು. ಎರಡನ್ನೂ ಒಲ್ಲೆನೆನ್ನುವ ಹೆಣದ ಮಾತು ಕೇಳಿ ನಾವೆಲ್ಲ ಗಂಭೀರರಾದೆವು.

ಪುಣೆಯ ಕಡೆ ಇಂಥ ಸಾಮಾನನ್ನು ಕ್ರಮವಾಗಿ ಬಿಚ್ಚಿ, ಗಾಜು ಬೇರೆ ತಾಮ್ರ ಬೇರೆ ಮಾಡುವ ಒಂದು ಕಾರ್ಖಾನೆ ಇದೆಯಂತೆ. ಮಾಸ್ತರರು ಅವರಿಗೆ ಪತ್ರ ಬರೆದರು. ಲಾರಿ ತುಂಬುವಷ್ಟು ಕೂಡಿಸಿದರೆ ಮಾತ್ರ ಲಾರಿ ಕಳಿಸುತ್ತೇವೆ, ಕಟ್ಟಿಗೆಯ ಪೆಟ್ಟಿಗೆ ಬೇಡ, ಒಳಗಿನದಷ್ಟೇ ಸಾಕು ಎಂದು ಉತ್ತರ ಬಂತು. ಕೂಡಿಸಿ ಇಡಲು ಬಿಜಾಪುರ ರಸ್ತೆಯ ದಸ್ತಗೀರ ಚಾಚಾ ತಮ್ಮ ಭಂಗಾರದ, ಅಂದರೆ ಗುಜರಿ ಸಾಮಾನಿನ, ವಾಡೆಯಲ್ಲಿ ಜಾಗ ಕೊಟ್ಟರು. ಚಾಚಾ ಎಂದರೆ ಊರಿನ ತುಕ್ಕನ್ನೆಲ್ಲ ಹೆಸರು ಹಿಡಿದು ಗುರುತಿಸಬಲ್ಲ ಮನುಷ್ಯ. ಅವರದೊಂದು ಪದ್ಧತಿ ಇದೆ. ಏನನ್ನೇ ಒಡೆಯುವ ಮೊದಲು ಒಮ್ಮೆ ವಯರು ಹಚ್ಚಿ ನೋಡುತ್ತಾರೆ. "ಜೀವ ಇದ್ದಿದ್ದ ಒಡದರ ಪಾಪ ಹತ್ತತೈತಿ ಬೇಟಾ" ಎನ್ನುತ್ತಾರೆ. ಒಂದು ಸಲ ಹೀಗೆ ಹಚ್ಚಿ ನೋಡಿದ ಫ್ಯಾನು ತಿರುಗಿಯೇ ಬಿಟ್ಟಿತು. ಈಗಲೂ ಅವರ ತಲೆಯ ಮೇಲೆ ತಿರುಗುತ್ತಿದೆ.

ಊರಿಗೆ ಡಂಗುರ ಸಾರುವ ಕೆಲಸ, ನೀವು ಊಹಿಸಿದಂತೆಯೇ, ನನಗೆ ಬಂತು. ಮೂರು ಗಾಲಿಯ ಟಂಟಂ ಗಾಡಿಯ ಮೇಲೆ ಗಣಪತಿ ಹಬ್ಬದ ಸ್ಪೀಕರ್ ಕಟ್ಟಿಕೊಂಡು ಹೊರಟೆ. ನನ್ನ ಗಂಟಲಿನ ಅಷ್ಟೂ ಕೆಟ್ಟ ಸಾಮಾನುಗಳನ್ನು ಹೊರಗೆ ಬಿಟ್ಟೆ. ರೇಡಿಯೋ ಕೊರಗಿತು, ಮಿಕ್ಸರು ಕೆಮ್ಮಿತು, ಟೇಪು ಕೋಣವಾಯಿತು. ಜನ ಬಾಗಿಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಒಳಗೆ ಹೋದರು. ಮೊದಲ ದಿನದ ಗಳಿಕೆ ಒಂದು ಬ್ಯಾಟರಿ. ಅದನ್ನೂ ಸಂಜೆ ತಿರುಗಿ ಒಯ್ದರು.

ಸಂತೆಗೆ ಬಂದ ಕರಜಗಿಯ ಒಬ್ಬ ಕಾಕಾರ ಬಗಲಲ್ಲಿ ಸದ್ದಿಲ್ಲದ ರೇಡಿಯೋ ಕಂಡು ಟಂಟಂ ನಿಲ್ಲಿಸಿದೆ.

"ರೇಡಿಯೋ ಕೆಟ್ಟೈತಲ್ರಿ ಕಾಕಾ, ಕೊಡ್ರಿ."

"ಕೆಟ್ಟಿಲ್ಲೋ. ಸುಮ್ಮನ ಕುಂತೈತಿ."

"ಎಷ್ಟ ವರ್ಷ ಆತ್ರಿ?"

"ಹದಿನಾಕ."

"ಹದಿನಾಕ ವರ್ಷ ಯಾರ ಸುಮ್ಮನ ಕುಂದರ್ತಾರ್ರಿ?"

"ನಮ್ಮ ತಮ್ಮ ಕುಂತಾನ. ಅವನ್ನೂ ಒಯ್ತಿ ಏನು?"

ಮಾಸ್ತರರ ಮುಖ ಸಣ್ಣದಾಯಿತು. ಆಗ ಮಂಡಳದವರಿಗೆ ಹೊಳೆದದ್ದು ಒಂದೇ ಉಪಾಯ: ನಮ್ಮ ಓಣಿಯ ನೀಲವ್ವಾಯಿ ಕೊಟ್ಟರೆ ಊರೇ ಕೊಡುತ್ತದೆ. ನೀಲವ್ವಾಯಿಯ ಮನೆಯಲ್ಲಿ ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಎಣಿಸುವಾಗ ಒಂದು ಹೆಚ್ಚು ಬರುವ ಮೊಮ್ಮಕ್ಕಳು. ಹೆಣ್ಣುಮಗಳಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಆ ಮನೆಗೆ ಟೀವಿ ಬಂತು, ಓಣಿಗೆಲ್ಲ ಮೊದಲನೆಯದು. ಕಪ್ಪು-ಬಿಳುಪಿನದು, ಕಟ್ಟಿಗೆಯ ಪೆಟ್ಟಿಗೆ, ಎರಡು ಬದಿಗೆ ಸರಿಯುವ ಬಾಗಿಲು. ಆಂಟೆನಾವನ್ನು ಬಿಜಾಪುರದ ಕಡೆ ತಿರುಗಿಸಿದರೆ ಕನ್ನಡ, ಸಾಂಗಲಿಯ ಕಡೆ ತಿರುಗಿಸಿದರೆ ಮರಾಠಿ, ನಡುವೆ ಬಿಟ್ಟರೆ ಪರದೆಯ ತುಂಬ ಬರೀ ಅಕ್ಕಿಕಾಳು. ನಮಗೆ ಹೆಚ್ಚಾಗಿ ದಕ್ಕಿದ್ದು ಅಕ್ಕಿಕಾಳೇ. ರವಿವಾರ ಮುಂಜಾನೆ ದೇವರ ಧಾರಾವಾಹಿಗೆ ಓಣಿಯೆಲ್ಲ ಅಲ್ಲಿ ಕೂಡುತ್ತಿತ್ತು. ಮಕ್ಕಳು ಮುಂದೆ, ಹೆಂಗಸರು ನಡುವೆ, ಗಂಡಸರು ಬಾಗಿಲಿಗೆ ಒರಗಿ, ಮಾಳಿಗೆಯ ಮೇಲೆ ಆಂಟೆನಾ ಹಿಡಿದು ಗುರುಪಾದ. ಗುರುಪಾದ ನೀಲವ್ವಾಯಿಯ ಹಿರಿಯ ಮಗ. ಅವನು ಮೇಲಿನಿಂದ "ಬಂತೇನು?" ಎಂದು ಕೂಗುವುದು, ನಾವು "ಬಂದಿತ್ತು, ಹೋತು" ಎನ್ನುವುದು. ಓಣಿಗೆಲ್ಲ ದೇವರನ್ನು ತೋರಿಸಿದ ಗುರುಪಾದ ಒಂದು ದಿನವೂ ಧಾರಾವಾಹಿ ನೋಡಲಿಲ್ಲ.

ಆ ಟೀವಿ ಕೆಟ್ಟು ಆರು ವರ್ಷವಾಗಿತ್ತು. ನೀಲವ್ವಾಯಿ ದಿನಾ ಅದನ್ನು ಒರೆಸಿ, ಕಸೂತಿಯ ಬಟ್ಟೆ ಹೊದಿಸುತ್ತಿದ್ದಳು. ನಾನು ಹೋಗಿ ಎದುರು ಕುಳಿತೆ. ಮಾಸ್ತರರ ದನಿಯಲ್ಲಿ ಸೀಸದ ಪಾಠ ಹೇಳಿದೆ. ತಹಶೀಲದಾರರ ದನಿಯಲ್ಲಿ ಹುಕುಂ ಮಾಡಿದೆ. "ನಡಿ ನಡಿ, ಚಾ ಕುಡದ ಹೋಗು" ಎಂದಳು. ಕೊನೆಗೆ ನಾನು ಟೀವಿಯ ಹಿಂದೆ ಅಡಗಿ ಕುಳಿತು, ಮೊದಲು ಸ್ವಲ್ಪ ಕೊರ್ ಎಂದು, ಆಮೇಲೆ ವಾರ್ತೆ ಓದುವ ಹೆಂಗಸಿನ ಸಣ್ಣ ದನಿಯಲ್ಲಿ ಶುರುಮಾಡಿದೆ.

"ಅವ್ವಾ, ನಾ ಹೋಗ್ತೀನಿ. ಇಲ್ಲಿ ಕುಂತ ಕುಂತ ಸೊಂಟಾ ಹಿಡದೈತಿ. ಪುಣಾದಾಗ ಡಾಕ್ಟರ್ ಅದಾರಂತ."

ನೀಲವ್ವಾಯಿ ನಗುತ್ತ ಸೆರಗು ಬಾಯಿಗಿಟ್ಟುಕೊಂಡಳು. "ಹೋದಾಕಿ ಮತ್ತ ಬರ್ತಿಯೇನ?" ಎಂದು ಟೀವಿಯನ್ನೇ ಕೇಳಿದಳು.

"ಪಂಚಮಿಗೆ ಬರ್ತೀನವ್ವಾ. ಮಾದ್ಯಾಣ್ಣನ ಕಳಿಸು, ಕರಿಯಾಕ."

ಮಾದ್ಯಾ ಎಂದರೆ ನಾನು. ಸ್ವಂತ ಹೆಸರನ್ನು ಹಾಗೆ ಯಾಕೆ ಸಿಕ್ಕಿಸಿದೆನೋ ಗೊತ್ತಿಲ್ಲ. ನಕಲು ಮಾಡುವವನ ಬಾಯಿ ಇಳಿಜಾರಿಗೆ ಬಿಟ್ಟ ಸೈಕಲ್ಲಿನ ಹಾಗೆ, ಬ್ರೇಕು ನೆನಪಾಗುವುದು ಬಿದ್ದ ಮೇಲೆ. ಆಯಿ ಟೀವಿಯ ಮೇಲಿನ ಕಸೂತಿಯ ಬಟ್ಟೆ ತೆಗೆದು ಮಡಿಸಿದಳು. ಆಮೇಲೆ ಎದ್ದಳು. "ಹಂಗಾರ ಬರೇ ಉಡೀಲೆ ಕಳಸಾಕ ಬರೂದಿಲ್ಲ" ಎಂದು ಒಳಗೆ ಹೋದಳು.

ನಮ್ಮ ಕಡೆ ಮನೆಯ ಹೆಣ್ಣುಮಗಳು ಹೊರಟರೆ ಉಡಿ ತುಂಬಿಯೇ ಕಳಿಸುವುದು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣಬೇರು, ಅಡಕೆ, ಮೇಲೊಂದು ಕುಬಸದ ಖಣ. ಟೀವಿಗೆ ಸೆರಗಿಲ್ಲ, ಆದರೆ ಬಾಗಿಲಿದೆ, ಹಿಂದಿನ ಮುಚ್ಚಳದಲ್ಲಿ ದೊಡ್ಡ ದೊಡ್ಡ ತೂತುಗಳಿವೆ. ಆಯಿ ಪೆಟ್ಟಿಗೆಯ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಬಾಗಿಲು ಸರಿಸಿ ಗಾಜಿನ ಮುಂದಿನ ಸಂದಿನಲ್ಲಿ ಐದು ಬೊಗಸೆ ಅಕ್ಕಿ ಸುರಿದಳು. ಅರ್ಧ ಅಕ್ಕಿ ಒಳಗಿಳಿಯಿತು. ಇಷ್ಟು ದಿನ ಟೀವಿಯಲ್ಲಿ ಬರೀ ಚಿತ್ರವಾಗಿ ಬರುತ್ತಿದ್ದ ಅಕ್ಕಿಕಾಳು ಅಂದು ನಿಜವಾಗಿಯೂ ಬಂತು.

ಇದನ್ನು ನೋಡುತ್ತ ನಿಂತ ಓಣಿಯ ಹೆಂಗಸರಿಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಕೊಡಲು ಒಲ್ಲದಿದ್ದವರಿಗೆ ಇಷ್ಟು ದಿನ ಅಡ್ಡ ಬಂದದ್ದು ಮನೆಯ ಸಾಮಾನನ್ನು ಎಸೆದು ಒಗೆಯುವ ಸಂಕಟ. ಕಳಿಸಿಕೊಡುವುದು ಎಲ್ಲರಿಗೂ ಬರುತ್ತದೆ. ಮೂರೇ ದಿನ, ಮನೆಮನೆಯಿಂದ ಸಾಮಾನುಗಳು ಹೊರಟವು. ಇಸ್ತ್ರಿ ಪೆಟ್ಟಿಗೆಗೆ ಕುಂಕುಮ. ಮಿಕ್ಸರಿನ ಭಾಂಡೆಯಲ್ಲಿ ಅಕ್ಕಿ ಅಡಕೆ. ಕರಜಗಿಯ ಕಾಕಾ ತಮ್ಮ ರೇಡಿಯೋಕ್ಕೆ ಟೋಪಿ ಟವೆಲು ಆಹೇರು ಮಾಡಿ ತಂದರು. ಅವರ ಲೆಕ್ಕದಲ್ಲಿ ಅದು ಅಳಿಯ. ತಮ್ಮನನ್ನು ಮಾತ್ರ ಮನೆಯಲ್ಲೇ ಇಟ್ಟುಕೊಂಡರು. ನನ್ನ ಟಂಟಂ ದಿಬ್ಬಣದ ಗಾಡಿಯಾಯಿತು. ಅಪ್ಪಾಸಾಬ ಮಾಸ್ತರರು "ಇದು ವೈಜ್ಞಾನಿಕ ಅಲ್ಲ" ಎಂದು ಒಮ್ಮೆ ಅಂದರು. ಮರುದಿನ ಅವರ ಮನೆಯ ಟೇಬಲ್ ಫ್ಯಾನೂ ಬಂತು, ಮೂರು ರೆಕ್ಕೆಗೂ ಅರಿಷಿಣ ಹಚ್ಚಿಸಿಕೊಂಡು. ಅವರು ಬೇರೆ ಕಡೆ ನೋಡುತ್ತ ನಿಂತಿದ್ದರು.

ಲಾರಿಯ ಜೊತೆ ಬಂದ ಕಾರ್ಖಾನೆಯ ಎಂಜಿನಿಯರು ಪಾಪ, ತೀರ ಹುಡುಗ. ಪ್ರತಿ ಯಂತ್ರ ಬಿಚ್ಚಿದಾಗಲೂ ಅಕ್ಕಿ ಸುರಿಯುತ್ತಿತ್ತು. ಕೈಯಲ್ಲೊಂದು ಅರಿಷಿಣಬೇರು ಹಿಡಿದು, ಇದು ಯಾವ ಪಾರ್ಟು ಎಂದು ಮರಾಠಿಯಲ್ಲಿ ಕೇಳಿದ. "ಅದು ಕಂಪನಿದಲ್ಲ ಸಾಹೇಬ್ರ, ಲೋಕಲ್ ಫಿಟಿಂಗ್" ಎಂದರು ಚಾಚಾ. ಒಳಗಿನದೆಲ್ಲ ಲಾರಿ ಏರಿ ಪುಣೆಗೆ ಹೋಯಿತು. ಕಟ್ಟಿಗೆಯ ಪೆಟ್ಟಿಗೆಗಳು ಚಾಚಾನ ವಾಡೆಯಲ್ಲಿ ಉಳಿದವು. ಮಾಸ್ತರರು ಭಾಷಣ ಮಾಡಿದರು, ನಾವು ಚಪ್ಪಾಳೆ ತಟ್ಟಿದೆವು, ನಾನು ಆ ಭಾಷಣವನ್ನು ಅದೇ ದಿನ ಅವರಿಗಿಂತ ಚೆನ್ನಾಗಿ ಮಾಡಿ ತೋರಿಸಿದೆ. ಕತೆ ಮುಗಿಯಿತು ಎಂದುಕೊಂಡಿದ್ದೆ.

ಶ್ರಾವಣ ಬಂತು, ಅಣ್ಣಂದಿರು ತಂಗಿಯರನ್ನು ತವರಿಗೆ ಕರೆತರುವ ತಿಂಗಳು. ನಾಗರ ಪಂಚಮಿಗೆ ನಾಲ್ಕು ದಿನವಿರುವಾಗ ನೀಲವ್ವಾಯಿ ನನ್ನನ್ನು ಕರೆದಳು. ಅವರ ಅಡುಗೆಮನೆಯಿಂದ ಶೇಂಗಾ ಹುರಿದ ವಾಸನೆ ಬರುತ್ತಿತ್ತು.

"ಯಾವಾಗ ಹೊಂಟಿ ಮಾದ್ಯಾ?"

"ಎಲ್ಲಿಗಿ ಆಯಿ?"

"ಎಲ್ಲಿಗಿ ಅಂದ್ರ? ಪಂಚಮಿ ಬಂತು. ಅಕೀನ ಕರಿಯಾಕ ಹೋಗಬೇಕಿಲ್ಲೋ?"

ನಾನು ನಕ್ಕೆ. ಆಯಿ ನಗಲಿಲ್ಲ. ಗೂಟದ ಮೇಲೊಂದು ಹೊಸ ಖಣ ಮಡಿಸಿ ಇಟ್ಟದ್ದು ಆಗ ಕಣ್ಣಿಗೆ ಬಿತ್ತು.

"ಆಯಿ, ಅದನ್ನ ನಾ ಚಾಷ್ಟಿಗಿ ಅಂದಿದ್ನಿ."

"ನೀ ಎಲ್ಲಿ ಅಂದಿ? ಅದರಾಗ ನಿನ್ನ ದನಿ ಎಲ್ಲಿತ್ತು? ಅಕಿ ಅಂದಳು, ಬರ್ತೀನಂತ. ನಿನ್ನ ಕೆಲಸ ಬರೇ ಹೋಗಿ ಕರ್ಕೊಂಡ ಬರೂದು."

ವಕೀಲರೂ ಇಂಥ ಪಟ್ಟು ಹಾಕುವುದಿಲ್ಲ. ನಾನು ಬಾಯಿ ತೆರೆದೆ. ಅಷ್ಟು ದನಿಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಆಯಿ ಶೇಂಗಾದ ಸಿಪ್ಪೆ ಕೇರುತ್ತ, ನನ್ನನ್ನು ನೋಡದೆ ಹೇಳಿದಳು. "ಲಗ್ನ ಆಗಿ ಎರಡನೇ ವರ್ಷ. ಕುಣಿಕೋಣೂರಿಂದ ನಮ್ಮಣ್ಣ ಕರಿಯಾಕ ಬರಾಂವ ಇದ್ದ. ಎತ್ತ ಕುಂಟಿತ್ತಂತ, ಬರಲಿಲ್ಲ. ನಾ ಗಂಟ ಕಟಗೊಂಡ ಬಾಗಲದಾಗ ನಿಂತಿದ್ನಿ, ದೀಪ ಹಚ್ಚೂತನಕ. ನಮ್ಮತ್ತಿ ಏನೂ ಅನ್ನಲಿಲ್ಲ. ಅಂದಿದ್ದರ ಚಲೋ ಆಗ್ತಿತ್ತು." ಮೊರವನ್ನು ಒಮ್ಮೆ ತಟ್ಟಿದಳು. "ಕರೀತೀವಿ ಅಂದ ಮ್ಯಾಲ ಕರೀಬೇಕಪಾ. ಅದು ಸಾಮಾನ ಐತಿ ಅಂತ ನನಗೂ ಗೊತ್ತೈತಿ. ನನಗೇನ ಹುಚ್ಚ ಹಿಡದಿಲ್ಲ."

ಅಲ್ಲಿಂದ ಎದ್ದು ಬಂದೆ. ನಕಲು ಮಾಡುವುದರಲ್ಲಿ ಒಂದು ಸೌಕರ್ಯವಿದೆ, ಯಾರಿಗೂ ಹೇಳಬೇಡಿ. ಬೇರೆಯವರ ದನಿಯಲ್ಲಿ ಏನು ಹೇಳಿದರೂ ಅದರ ಹೊಣೆ ನಮಗೆ ಸೇರಿದ್ದಲ್ಲ ಎನಿಸುತ್ತದೆ. ಮುಖ್ಯಾಧ್ಯಾಪಕರ ದನಿಯಲ್ಲಿ ಶಾಲೆಗೆ ರಜೆ ಕೊಟ್ಟಿದ್ದೇನೆ, ಕಂಡಕ್ಟರನ ದನಿಯಲ್ಲಿ ಎಸ್‌ಟಿಗೆ ಸೀಟಿ ಹೊಡೆದಿದ್ದೇನೆ. ಬೈಸಿಕೊಂಡದ್ದುಂಟು, ಸಿಕ್ಕಿಬಿದ್ದದ್ದಿಲ್ಲ. ಈಗ ಒಳಗೆ ಏನೂ ಇಲ್ಲದ ಒಂದು ಟೀವಿ ನನ್ನ ಕೊರಳಪಟ್ಟಿ ಹಿಡಿದಿತ್ತು. ತವರಿಗೆ ಕರೆದುಕೊಂಡು ಬರಬೇಕಾದವಳ ಕಣ್ಣು, ಹೃದಯ, ಕರುಳು ಎಲ್ಲ ಪುಣೆಯಲ್ಲಿ ಬೇರೆ ಬೇರೆ ಡಬ್ಬಿಯಲ್ಲಿವೆ. ಉಳಿದದ್ದು ಪೆಟ್ಟಿಗೆ, ಅದೂ ಉಳಿದಿದ್ದರೆ.

ಎರಡು ದಿನ ಆಯಿಯ ಬಾಗಿಲು ತಪ್ಪಿಸಿ ಹಿಂದಿನ ಸಂದಿಯಿಂದ ಓಡಾಡಿದೆ. ಹಬ್ಬದ ಹಿಂದಿನ ದಿನ ಆ ಸಂದಿಯಲ್ಲೂ ಉಂಡಿಯ ವಾಸನೆ ಬಂದಾಗ, ತಳ್ಳುವ ಗಾಡಿಯೊಂದನ್ನು ಎರವಲು ತೆಗೆದುಕೊಂಡು ಬಿಜಾಪುರ ರಸ್ತೆಗೆ ನಡೆದೆ.

"ಪಟ್ಟಿಗಿ ಭಾಳ ಹೋದವೋ ಬೇಟಾ, ಹೊಟೇಲದವರ ಒಲಿಗೆ" ಎಂದರು ದಸ್ತಗೀರ ಚಾಚಾ. ನನ್ನ ಮುಖ ಹೇಗಾಯಿತೋ, ಕೂಡಲೇ ಮುಂದಿನದನ್ನು ಹೇಳಿದರು. "ನಿಮ್ಮಾಯೀದ ಐತಿ. ಅದನ್ನ ಮಾತ್ರ ಮುಟ್ಟೂ ಹಂಗಿಲ್ಲ."

"ಯಾಕ್ರಿ ಚಾಚಾ?"

"ನೀನ ಹೋಗಿ ನೋಡು. ಕೈ ಹಾಕಬ್ಯಾಡ."

ಕೈ ಹಾಕಬೇಡ ಎಂದ ಮೇಲೆ ಹಾಕದಿರುವ ಜನವಲ್ಲ ನಾವು. ಬಾಗಿಲು ಸರಿಸಿ ಕೈ ಹಾಕಿದೆ. ಒಳಗಿನಿಂದ ಕುಕ್ಕಿದ ಏಟಿಗೆ ನನ್ನ ಗಂಟಲಿನಿಂದ ಹೊರಬಂದ ಸದ್ದು ಯಾವ ಯಂತ್ರದ್ದೂ ಆಗಿರಲಿಲ್ಲ. ಒಂದು ಕೆಂಪು ಹೇಂಟೆ ಗರಿಗೆದರಿಕೊಂಡು, ವಾರ್ತೆ ಓದುವವಳಷ್ಟೇ ಗಂಭೀರವಾಗಿ, ಪೆಟ್ಟಿಗೆಯ ನಟ್ಟನಡುವೆ ಕುಳಿತು ನನ್ನನ್ನೇ ನೋಡುತ್ತಿತ್ತು.

ಚಾಚಾನ ಹೆಂಡತಿ ಹಸೀನಾ ಚಾಚಿ ಓಡಿ ಬಂದಳು. ಆಕೆ ಹೇಳಿದ್ದರಿಂದ ಎಲ್ಲ ತಿಳಿಯಿತು. ಗಾಜು ಬಿಚ್ಚಿದಾಗ ಉಡಿಯ ಅಕ್ಕಿಯೆಲ್ಲ ಪೆಟ್ಟಿಗೆಯ ತಳದ ಸಂದುಗಳಲ್ಲಿ ಉಳಿದಿತ್ತು. ಅದನ್ನು ಹೆಕ್ಕಲು ಒಳಗೆ ಹೋದ ಕೋಳಿಗೆ ಮನೆ ಹಿಡಿಸಿತು. ಅಲ್ಲೇ ತತ್ತಿ ಇಟ್ಟು ಕಾವಿಗೆ ಕುಳಿತಿತ್ತು. "ಇವತ್ತಿಗಿ ಹತ್ತೊಂಬತ್ತ ದಿನಾ. ಇನ್ನ ಎರಡ ದಿನದಾಗ ಮರಿ ಆಗ್ತಾವ. ಎಬ್ಬಿಸಿದರ ಎಲ್ಲಾ ಹಾಳು" ಎಂದಳು.

ನಾನು ಆಯಿಯ ಕತೆ ಹೇಳಿದೆ. ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತದ್ದನ್ನೂ ಹೇಳಿದೆ. ಯಾರ ದನಿಯನ್ನೂ ತೆಗೆಯಲಿಲ್ಲ, ತೆಗೆಯಲು ಹೊಳೆಯಲಿಲ್ಲ. ಚಾಚಿ ಕೇಳುತ್ತ ಕೇಳುತ್ತ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಪಟ್ಟಿಗಿ ಸಮೇತ ಒಯ್ಯಿ. ನಾನೂ ಬರ್ತೀನಿ. ಒಂದ ತತ್ತಿ ಒಡೀಲಿ, ಅದರ ಜಾಗಾದಾಗ ನಿನ್ನ ಕಾವಿಗಿ ಕುಂದ್ರಸ್ತೀನಿ."

ಹಾಗೆ ನಮ್ಮ ಮೆರವಣಿಗೆ ಹೊರಟಿತು. ತಳ್ಳುವ ಗಾಡಿಯ ಮೇಲೆ ಗೋಣಿಚೀಲದ ಹಾಸಿಗೆ, ಅದರ ಮೇಲೆ ಬಾಗಿಲು ಮುಚ್ಚಿದ ಟೀವಿ, ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಚಾಚಿ. ಗುಂಡಿ ಬಂದಲ್ಲೆಲ್ಲ ಚಾಚಿ "ಆಹಿಸ್ತಾ, ಆಹಿಸ್ತಾ" ಎನ್ನುವಳು. ನಮ್ಮೂರಿನ ರಸ್ತೆಯಲ್ಲಿ ಗುಂಡಿಯಿಲ್ಲದ ಜಾಗ ಬಂದಾಗ ಮಾತ್ರ ಸುಮ್ಮನಿರಬೇಕಾದ್ದರಿಂದ ಅವಳಿಗೆ ವಿಶ್ರಾಂತಿ ಸಿಗಲಿಲ್ಲ.

ನೀಲವ್ವಾಯಿ ಬಾಗಿಲಲ್ಲೇ ನಿಂತಿದ್ದಳು. ರೊಟ್ಟಿ ನಿವಾಳಿಸಿ ಒಗೆದು, ಗಾಡಿಯ ಗಾಲಿಗೆ ನೀರು ಹಾಕಿದಳು. ಸೊಸೆಯರು, ಮೊಮ್ಮಕ್ಕಳು, ಓಣಿಯವರು, ಎಲ್ಲರೂ ಸೇರಿದ್ದರು. ಆಯಿ ಪೆಟ್ಟಿಗೆಯ ಹಣೆಯ ಮೇಲೆ ಮಾಸಿದ್ದ ಕುಂಕುಮವನ್ನು ಬೆರಳಿನಿಂದ ಮುಟ್ಟಿ, ಬಾಗಿಲು ಸರಿಸಿದಳು.

ಕೋಳಿ ಆಯಿಯನ್ನು ನೋಡಿತು. ಆಯಿ ಕೋಳಿಯನ್ನು ನೋಡಿದಳು. ಸರಿಯಾಗಿ ಹೇಳಬೇಕೆಂದರೆ ಅದು ತಲೆಮಾರುಗಳಿಂದ ಕೊರಳಲ್ಲಿ ಲಿಂಗ ಕಟ್ಟಿದ, ಮೊಟ್ಟೆಯ ಹೆಸರನ್ನೂ ಹೊರಗೆ ಹೋಗಿ ಹೇಳುವ ಮನೆ. ಹಿರಿಯ ಸೊಸೆ ಮೆಲ್ಲಗೆ "ಅತ್ತಿ, ಕೋಳಿರಿ" ಎಂದಳು. ನಾನು ಓಡಲು ಸಂದಿ ಹುಡುಕುತ್ತಿದ್ದೆ.

"ಎಷ್ಟರಾಗ ಅದಾಳ?" ಎಂದು ಆಯಿ ಚಾಚಿಯನ್ನು ಕೇಳಿದಳು.

"ನಾಡದಿಗಿ ದಿನಾ ತುಂಬತಾವ ಆಯಿ."

ಆಯಿ ನನ್ನ ಕಡೆ ತಿರುಗಿದಳು. "ತುಂಬಿದ ಬಸರೀನ ತಳ್ಳೂ ಗಾಡ್ಯಾಗ ತರ್ತಾರೇನೋ ಭಾಡ್ಯಾ? ಒಂದ ಮೋಟರ ಸಿಗಲಿಲ್ಲ ನಿನಗ?" ಆಮೇಲೆ ಸೊಸೆಗೆ ಹೇಳಿದಳು. "ಒಳಗ ಬ್ಯಾಡ, ಹೊರಗ ಕಟ್ಟಿ ಮ್ಯಾಲ ಇಡ್ರಿ. ಬಾಣಂತನಕ್ಕ ಗಾಳಿ ಬೆಳಕ ಬೇಕು."

ಪಂಚಮಿಯ ದಿನ ಖಣವನ್ನು ಪೆಟ್ಟಿಗೆಯ ಮೇಲೆ ಹೊದಿಸಿದರು. ಉಂಡಿಯನ್ನು 'ಮಗಳ' ಮುಂದೆ ಪುಡಿಮಾಡಿ ಹಾಕಿದರು. ಅರ್ಧವನ್ನು ಅದು ತಿಂದಿತು, ಅರ್ಧವನ್ನು ತಂಗಿಯ ಪಾಲು ಅಣ್ಣನಿಗೂ ಸೇರಬೇಕು ಎಂದು ನಾನು ತಿಂದೆ. ಹಬ್ಬ ಶನಿವಾರ ಬಂದಿತ್ತು. ಮರುದಿನ ರವಿವಾರ ಮುಂಜಾನೆ, ಹಿಂದೆ ದೇವರ ಧಾರಾವಾಹಿ ಶುರುವಾಗುತ್ತಿದ್ದ ಹೊತ್ತಿಗೆ ಸರಿಯಾಗಿ, ಪೆಟ್ಟಿಗೆಯೊಳಗೆ ಚಿಂವ್ ಎಂದಿತು.

ಯಾರು ಯಾರನ್ನು ಕರೆದರೋ ಗೊತ್ತಿಲ್ಲ, ಓಣಿಯೆಲ್ಲ ಕೂಡಿತು. ಯಾರೂ ಹೇಳದೆಯೇ ಅದೇ ಸಾಲು: ಮಕ್ಕಳು ಮುಂದೆ, ಹೆಂಗಸರು ನಡುವೆ, ಗಂಡಸರು ಗೋಡೆಗೆ ಒರಗಿ. ಆಗ ಮುಂದೆ ಕುಳಿತಿದ್ದ ನಾವು ಈಗ ಹಿಂದೆ ನಿಂತಿದ್ದೆವು, ಅಷ್ಟೇ ವ್ಯತ್ಯಾಸ. "ಏ ಮುಂದಿನಾಂವ, ತಲಿ ಬಗ್ಗಿಸು" ಎಂಬ ಹಳೆಯ ಕೂಗೂ ಕೇಳಿಬಂತು. ಅಪ್ಪಾಸಾಬ ಮಾಸ್ತರರು ತತ್ತಿಯೊಡೆಯುವ ಮರಿಯ ಮೂತಿಯ ಮೇಲೆ ಒಂದು ಸಣ್ಣ ಮುಳ್ಳಿರುತ್ತದೆ ಎಂದು ವಿವರಿಸತೊಡಗಿದರು. ವಾರ್ತೆಯ ಹೊತ್ತಿನಲ್ಲಿ ಹಿಂದೆ ಮಾಡುತ್ತಿದ್ದಂತೆಯೇ ಎಲ್ಲರೂ ಅವರನ್ನು ಸುಮ್ಮನಾಗಿಸಿದರು. ಗುರುಪಾದ ಮಾಳಿಗೆಯ ಮೇಲೆ ಕಾಳು ಒಣಹಾಕುತ್ತಿದ್ದ. ಕೆಳಗಿನ ಗುಂಪು ನೋಡಿ, ವರ್ಷಗಳ ರೂಢಿಯಿಂದ, ಅವನ ಬಾಯಿಂದ ತಾನಾಗಿ ಬಂತು.

"ಬಂತೇನು?"

"ಬಂತು" ಎಂದಿತು ಇಡೀ ಓಣಿ. "ಕೆಳಗ ಬಾ."

ಗುರುಪಾದ ಇಳಿದು ಬಂದ. ಅವನಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟರು. ಹಳದಿ, ಕಂದು, ಕರಿ ಬಣ್ಣದ ಒಂಬತ್ತು ಮರಿಗಳು ಒಂದೊಂದಾಗಿ ಪರದೆಯಿದ್ದ ಜಾಗಕ್ಕೆ ಬಂದು ನಿಂತವು. ಒಂದಿಷ್ಟೂ ಅಕ್ಕಿಕಾಳಿಲ್ಲದ ಸ್ವಚ್ಛ ಚಿತ್ರ. ನೀಲವ್ವಾಯಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಇಷ್ಟ ವರ್ಷದ ಮ್ಯಾಲ ಕಲರ್ ಬಂತ ನೋಡ್ರಿ" ಎಂದಳು.

ಹದಿನೈದು ದಿನದ ಮೇಲೆ, ಮರಿಗಳು ಓಣಿಯೆಲ್ಲ ಓಡಾಡತೊಡಗಿದಾಗ, ಚಾಚಾ ಮತ್ತು ಚಾಚಿ ಟಂಟಂ ಮಾಡಿಕೊಂಡು ಬೀಗರ ಠೀವಿಯಲ್ಲಿ ಕರೆಯಲು ಬಂದರು. ಆಯಿ ಪೆಟ್ಟಿಗೆಗೆ ಹೊಸ ಕುಂಕುಮ ಹಚ್ಚಿ, ಬಾಗಿಲು ಸರಿಸಿ, ಮತ್ತೆ ಐದು ಬೊಗಸೆ ಅಕ್ಕಿ ಹಾಕಿದಳು. ಈ ಸಲ ಅದು ಸಂದಿಗೆ ಇಳಿಯುವ ಮೊದಲೇ ಮುಗಿಯಿತು. ಟಂಟಂ ಹೊರಟ ಮೇಲೆ ಆಯಿ ನನ್ನನ್ನು ಕೇಳಿದಳು.

"ಬರೂ ಪಂಚಮಿಗಿ ಮತ್ತ ಹೋಗಿ ಕರ್ಕೊಂಡ ಬರ್ತಿ ಇಲ್ಲೋ?"

"ಬರ್ತೀನಿ ಆಯಿ" ಎಂದೆ.

ಆಯಿ ನನ್ನ ಮುಖವನ್ನೇ ನೋಡಿದಳು. "ಇದು ಯಾರ ದನಿಯೋ? ಎಂದೂ ಕೇಳಿಲ್ಲಲ್ಲ ನಾ."

ನಾನೂ ಒಂದು ಗಳಿಗೆ ಯೋಚಿಸಬೇಕಾಯಿತು. "ನಂದ ಆಯಿ."

"ಹೌದನು? ಚಲೋ ಐತಲ್ಲೋ" ಎಂದು ಆಯಿ ಕಟ್ಟೆಯ ಮೇಲಿನ ಗರಿಗಳನ್ನು ಗುಡಿಸತೊಡಗಿದಳು. "ಎಲ್ಲಿ ಇಟ್ಟಿದ್ದಿ ಇಷ್ಟ ದಿನಾ? ಎಲ್ಯಾರ ಒಗದಬಿಟ್ಟೀ ಮತ್ತ."